ನಾನು ಮೊದಲ ಐವರಲ್ಲಿ ಸೇರಿದ್ದು

೧. ಹಿಡಿತ

ತುಮಕೂರಿನ ಕಾಲೇಜು ಮೈದಾನ. ನನ್ನ ಮೊದಲ ಬ್ಯಾಸ್ಕೆಟ್‌ಬಾಲ್ ಪಂದ್ಯ. ಎದುರು ತಂಡದವನೊಬ್ಬ ಚೆಂಡು ಪುಟಿಸುತ್ತಾ ನೇರ ನನ್ನ ಮೇಲೇ ಬಂದ. ಗುಬ್ಬಿಯಲ್ಲಿ ನಾನು ಆಡಿದ್ದು ಕಬಡ್ಡಿ ಒಂದೇ. ತಂಡಕ್ಕೆ ತೆಗೆದುಕೊಂಡದ್ದು ಬರೀ ಎತ್ತರ ನೋಡಿ. ಮೈಮೇಲೆ ಬಂದವನನ್ನು ಬಿಟ್ಟು ಅಭ್ಯಾಸವಿರಲಿಲ್ಲ. ಕಾಲು ಹಿಡಿದು ಕೆಡವಿ ಮೇಲೆ ಕುಳಿತೆ.

ಸೀಟಿ ಬಿತ್ತು. ಪಿ.ಟಿ. ಮೇಷ್ಟ್ರು ಓಡಿ ಬಂದರು.

"ಏನ್ಲಾ ಮಾಡ್ತಿದೀಯ?"

"ಔಟ್ ಸಾರ್."

"ಯಾರೋ ಔಟು?"

"ಇವ್ನು. ಉಸಿರು ಕಟ್ಟೋಯ್ತು ನೋಡಿ."

"ನೀನು ಎದೆ ಮೇಲೆ ಕೂತಿದೀಯ ಕಣೋ. ಎಲ್ಲಿಂದ ಉಸಿರಾಡ್ತಾನೆ?"

೨. ಕಂಬ

ಆ ವರ್ಷವೆಲ್ಲ ಬೆಂಚು ಕಾಯ್ದೆ. ಊರಲ್ಲಿ ಮಾತ್ರ ಮೊದಲ ಐವರಲ್ಲಿ ಆಡುತ್ತಿದ್ದೇನೆ ಎಂದು ಹೇಳಿಯಾಗಿತ್ತು. ಅಪ್ಪ ಅದನ್ನು ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ಸಾರಿಯೂ ಆಗಿತ್ತು. ಹೇಗಾದರೂ ಅದನ್ನು ನಿಜ ಮಾಡಬೇಕಿತ್ತು.

ಬೇಸಿಗೆ ರಜದಲ್ಲಿ ಗುಬ್ಬಿಯ ಮೈದಾನದಲ್ಲಿದ್ದ ರಿಂಗಿನ ಒಂಟಿ ಕಂಬದ ಎದುರು ದಿನವೂ ಅಭ್ಯಾಸ ಮಾಡಿದೆ. ಕೊನೆಗೆ ಕಣ್ಣು ಮುಚ್ಚಿ ಎಸೆದರೂ ಚೆಂಡು ರಿಂಗಿಗೆ ಬೀಳುತ್ತಿತ್ತು.

ತುಮಕೂರಿಗೆ ಬಂದು ಎಸೆದೆ. ಒಂದೂ ಬೀಳಲಿಲ್ಲ. ಎಲ್ಲವೂ ಎಡಕ್ಕೇ ಹೋದವು.

"ನಿಮ್ಮ ರಿಂಗೇ ಸೊಟ್ಟ ಸಾರ್," ಎಂದೆ.

ಮೇಷ್ಟ್ರು ಪಕ್ಕದಲ್ಲಿ ಗೋಡೆ ಕಟ್ಟುತ್ತಿದ್ದ ಗಾರೆಯವನಿಂದ ದಾರ ಕಟ್ಟಿದ ತೂಕದ ಗುಂಡು ತರಿಸಿ ಕಂಬದ ಮೇಲಿಂದ ಇಳಿಬಿಟ್ಟರು. ದಾರ ಕಂಬಕ್ಕೆ ಅಂಟಿಕೊಂಡು ನೆಟ್ಟಗೆ ನಿಂತಿತು. ಇಡೀ ತಂಡ ದಾರ ನೋಡಿತು. ಆಮೇಲೆ ನನ್ನನ್ನು ನೋಡಿತು.

"ನಿಮ್ಮೂರ ಕಂಬಕ್ಕೆ ಏನ್ ಕಟ್ತಾರ್ಲಾ?"

"ಎಮ್ಮೆ ಸಾರ್."

ಮುಂದಿನ ರಜಕ್ಕೆ ಹೋದಾಗ ಎಮ್ಮೆಯನ್ನು ಆಚೆ ಬದಿಗೆ ಕಟ್ಟಿಸಿದೆ.

೩. ಕುಂಬಳಕಾಯಿ

ಆಯುಧಪೂಜೆಯ ದಿನ ಕುಣಿಗಲ್‌ನಲ್ಲಿ ಪಂದ್ಯವಿತ್ತು. ನಮ್ಮವನೊಬ್ಬನಿಗೆ ಜ್ವರ. ಮೇಷ್ಟ್ರು ಮನಸ್ಸಿಲ್ಲದ ಮನಸ್ಸಿನಿಂದ ನನ್ನನ್ನು ಮೊದಲ ಐವರಲ್ಲಿ ಇಳಿಸಿದರು. "ಇವತ್ತು ಎದುರಾಳೀನ ನಿನ್ನ ಹಿಂದಕ್ಕೆ ಬಿಟ್ಯೋ, ಇನ್ನು ಬರ್ಲೇ ಬೇಡ," ಎಂದರು.

ಊರ ಹಿರಿಯರು ಚೆಂಡಿಗೂ ಕಂಬಗಳಿಗೂ ಪೂಜೆ ಮಾಡಿದರು. "ಎತ್ತರದ ಹುಡುಗ ಬಾರಪ್ಪ, ದೃಷ್ಟಿ ತೆಗಿ," ಎಂದು ಕುಂಕುಮ ತುಂಬಿದ ಬೂದುಗುಂಬಳಕಾಯಿ ಕೊಟ್ಟರು. ನಿವಾಳಿಸಿ ಅಂಗಳದ ನಟ್ಟನಡುವೆ ಒಡೆದೆ. ಚೂರು ಬಳಿದು ಮೇಲೆ ಮಣ್ಣು ಎರಚಿದರು.

ಸೀಟಿ ಬಿತ್ತು. ಚೆಂಡಿಗೆ ಹಾರಿದೆ. ಇಳಿದದ್ದು ಮಣ್ಣಿನಡಿ ಉಳಿದಿದ್ದ ತಿರುಳಿನ ಮೇಲೆ. ಕುಂಡೆ ಊರಿ ಜಾರಿದೆ. ಎದ್ದಾಗ ಬಿಳಿ ಚಡ್ಡಿಯ ಹಿಂಭಾಗವೆಲ್ಲ ಕೆಂಪು.

ಮೇಷ್ಟ್ರು ಗಾಬರಿಯಾಗಿ ಬಂದರು. "ಎಲ್ಲಿ ಏಟು?"

"ಏಟಲ್ಲ ಸಾರ್, ಕುಂಕುಮ. ನನ್ನ ಕೂರಿಸ್ಬುಡಿ."

"ನೀನೇ ಒಡ್ದಿದ್ದು, ನೀನೇ ಆಡು."

ನಾನು ತಡೆಯಬೇಕಾಗಿದ್ದವನು ಅವರ ಒಳ್ಳೆಯ ಆಟಗಾರ. ಒಮ್ಮೆ ನನ್ನನ್ನು ದಾಟಿ ಹಿಂದಕ್ಕೆ ಹೋದ. ತಿರುಗಿ ನೋಡಿದ. "ಏನಣ್ಣಾ, ಅರಿಶಿನ ಎಲ್ಲಿ ಇಟ್ಕೊಂಡಿದೀಯ?" ಎಂದು ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು.

ಅಲ್ಲಿಂದಾಚೆಗೆ ಅವನು ನನ್ನನ್ನು ದಾಟಲಿಲ್ಲ. ಅವನು ಎಡಕ್ಕೆ ಬಂದರೆ ಎಡಕ್ಕೆ ಸರಿದೆ. ಬಲಕ್ಕೆ ಬಂದರೆ ಬಲಕ್ಕೆ ಸರಿದೆ. ಚೆಂಡಿನ ಯೋಚನೆ ನನಗಿರಲಿಲ್ಲ, ಚಡ್ಡಿಯದೇ ಇತ್ತು. ಅವನ ಆಟ ನಿಂತುಹೋಯಿತು. ನಾವು ಗೆದ್ದೆವು.

ಮೇಷ್ಟ್ರು ಉಳಿದವರನ್ನು ಸಾಲಾಗಿ ನಿಲ್ಲಿಸಿದರು. "ಹಿಂಗೆ ತಡೀಬೇಕು. ಮುಂದಿನ ಸಲ ನಿಮಗೂ ಕುಂಕುಮ ಹಚ್ತೀನಿ."

ನಾನು ಹಿಮ್ಮುಖವಾಗಿ ಬಸ್ ಹತ್ತಿದೆ. ಕಾಲೇಜು ಬಿಡುವ ತನಕ ಮೊದಲ ಐವರಲ್ಲೇ ಆಡಿದೆ.