ಹುಳುಮನೆಯಲ್ಲಿ ಗಿಟಾರ್

ನನ್ನ ಸೋದರಮಾವನಿಗೆ ಸ್ವಂತ ಹಾಡು ಅಂತ ಒಂದೂ ಇರಲಿಲ್ಲ. ಆದರೆ ಪರರ ಹಾಡನ್ನು ಅವನಷ್ಟು ಸ್ವಂತ ಮಾಡಿಕೊಂಡವರು ರಾಮನಗರದ ಸುತ್ತಮುತ್ತ ಇನ್ನೊಬ್ಬರಿಲ್ಲ! ಭಜನೆ, ಸೋಬಾನೆ, ಲಾಲಿ, ಯಾವುದು ಸಿಕ್ಕರೂ ಎಲೆಕ್ಟ್ರಿಕ್ ಗಿಟಾರಿಗೆ ಏರಿಸಿ ರಾಕ್ ಮಾಡಿಬಿಡುತ್ತಿದ್ದ. ಒಂದು ಮದುವೆಯಲ್ಲಿ ಸೋಬಾನೆಯನ್ನು ಹೀಗೆ ಬಾರಿಸಿದಾಗ ಮದುಮಗಳೇ ಕುಣಿದಳು. ಬೀಗರು ಮಾತ್ರ ಊಟಕ್ಕೂ ಕಾಯದೆ ಬಸ್ ಹತ್ತಿದರು.

ಇಂಥ ಹತ್ತು ಹಾಡುಗಳ ಸಿ.ಡಿ. ಮಾಡುತ್ತೇನೆಂದು ಹಠ ಹಿಡಿದ. ಸ್ಟುಡಿಯೋ ಯಾವುದು? ಕೂಟಗಲ್ಲಿನ ನಮ್ಮ ರೇಷ್ಮೆ ಹುಳುಮನೆ! ಬೆಳೆ ಮುಗಿದು ಖಾಲಿಯಿತ್ತು. ಹೊಸ ಫ್ಯಾಕ್ಟರಿಗಳ ಲಾರಿ ಸದ್ದು ಒಳಬರದಂತೆ ಗೋಡೆಗೆಲ್ಲ ಗೋಣಿಚೀಲ ತೂಗುಹಾಕಿದ.

ಅಜ್ಜಿ, ಅಂದರೆ ಅವನ ತಾಯಿ, ಒಂದೇ ಷರತ್ತು ಹಾಕಿದ್ದಳು. ಹುಳುಗಳಿಗೆ ಸೊಪ್ಪು ಹಾಕುವಾಗ ತಾನು ಹೇಳಿಕೊಳ್ಳುವ ಪದವನ್ನು ಅವನು ಮುಟ್ಟಕೂಡದು.

“ಅದು ನಮ್ಮವ್ವಂದು ಕಣ್ಲಾ. ನೀನು ಕೆಡಿಸ್ಬುಡ್ತೀಯ.”

ಮುಟ್ಟದೆ ಇರುತ್ತಾನೆಯೇ? ಅಜ್ಜಿ ಹಿತ್ತಲಿಗೆ ಹೋದದ್ದೇ ತಡ, ಶುರುಮಾಡಿದ. ಒಳಗೆ ಕಡು ಸೆಖೆ. ಹುಳು ಸಾಕಿದ ಕೈ ನೋಡಿ, ಸೆಖೆಯಾದರೆ ತಾನಾಗಿ ಗೋಣಿಗೂ ನೆಲಕ್ಕೂ ನೀರು ಚಿಮುಕಿಸುತ್ತದೆ. ಚಿಮುಕಿಸಿದ. ಗಿಟಾರಿನ ಆಂಪ್ಲಿಫೈಯರಿನ ಪ್ಲಗ್ ಮುರಿದಿತ್ತು, ಬರಿಯ ವೈರುಗಳನ್ನು ಬೆಂಕಿಕಡ್ಡಿ ಕೊಟ್ಟು ಸಾಕೆಟ್ಟಿಗೆ ಸಿಕ್ಕಿಸಿದ. ಬರಿಗಾಲು ಬೇರೆ. ಬಿ.ಎಸ್ಸಿ. ಓದಿದ ನಾನು ನೋಡುತ್ತ ನಿಂತಿದ್ದೆ.

ಎರಡನೆಯ ಸಾಲಿಗೆ ಅವನ ತುಟಿ ಮೈಕಿಗೆ ತಾಗಿತು. ಮಾವ ಸೆಟೆದು ನಿಂತ. ಕಣ್ಣು ಮೇಲಾಯಿತು, ಮೈ ಅದುರಿತು. ವೇದಿಕೆಯಲ್ಲಿ ಯಾವಾಗಲೂ ಹಾಗೇ ಅದುರುವವನು! ನಾನು ಚಪ್ಪಾಳೆ ತಟ್ಟಿದೆ.

ಹಿತ್ತಲಲ್ಲಿ ಚಂದ್ರಿಕೆ ಒಣಗಿಸುತ್ತಿದ್ದ ಅಜ್ಜಿ, ತನ್ನ ಪದ ಕಿವಿಗೆ ಬಿದ್ದು ಬಯ್ಯಲೆಂದೇ ಒಳಗೆ ಬಂದಳು. ಒಂದು ಕ್ಷಣ ನೋಡಿದಳು.

“ಹಾಡ್ತಿಲ್ಲ ಕಣೇ, ಕರೆಂಟ್ ಹೊಡೀತೈತೆ.”

ಕೈಯಲ್ಲೇ ಇದ್ದ ಚಂದ್ರಿಕೆಯನ್ನು, ಹುಳು ಗೂಡು ಕಟ್ಟುವ ಆ ಒಣ ಬಿದಿರಿನ ತಟ್ಟಿಯನ್ನು, ಬೀಸಿ ವೈರುಗಳನ್ನೇ ಕಿತ್ತಳು. ಬೆಂಕಿಕಡ್ಡಿಗಳು ನನ್ನ ಕಾಲ ಬಳಿ ಬಿದ್ದವು. ಆ ಚಪ್ಪಾಳೆ ನನಗೆ ಇಂದಿಗೂ ಕೇಳಿಸುತ್ತದೆ.

ಮಾವ ಬದುಕಿದ. ಎಡಗೈಯ ಎರಡು ಬೆರಳು ಸುಟ್ಟು ಮಡಚದಾದವು. ಗಿಟಾರನ್ನು ಅಟ್ಟಕ್ಕೆ ಹಾಕಿಸಿದ. ತಿಂಗಳುಗಳ ಮೇಲೆ ಒಂದು ಮಧ್ಯಾಹ್ನ ಅಜ್ಜಿಯೇ ಅದನ್ನು ಇಳಿಸಿ, ಸೆರಗಿನಿಂದ ಒರೆಸಿ, ಅವನ ತೊಡೆಯ ಮೇಲಿಟ್ಟಳು.

“ಕೆಟ್ರೆ ಕೆಡ್ಲಿ, ಬಾರ್ಸು ಮಗ. ನಾನೇ ಹೇಳ್ಕೊಡ್ತೀನಿ.”

ಸಿ.ಡಿ.ಯ ಕೊನೆಯ ಹಾಡು ಅದೇ. ಅಜ್ಜಿ ಒಂದೊಂದು ಸಾಲು ಹೇಳಿ, ಮಗನ ಬೆರಳು ಬಂದು ಸೇರುವವರೆಗೆ ಕಾಯುತ್ತಾಳೆ. ರಾಕ್ ಇಷ್ಟು ನಿಧಾನವೇ ಎಂದು ಕೇಳಿದವರು ನಗುತ್ತಾರೆ. ನಾನು ಅದರಲ್ಲಿ ಎಲ್ಲೂ ಕೇಳಿಸುವುದಿಲ್ಲ. ಹಾಡು ಮುಗಿಯುವವರೆಗೂ ಚಪ್ಪಲಿ ಮೆಟ್ಟಿಕೊಂಡು, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದೆ.