ಸೇತುವೆ ಬಿಟ್ಟು ಕದಲದ ಕತ್ತೆಯವರಿಗೆ ಒಬ್ಬ ತೀರ್ಪುಗಾರನ ದೂರು

ಮಾನ್ಯ ಕತ್ತೆಯವರೇ,

ತಮ್ಮ ನಾಲ್ಕೂ ಪಾದಗಳಿಗೆ ನನ್ನ ವಿನಯಪೂರ್ವಕ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಭಾವಿಸುತ್ತೇನೆ. ಭಾವಿಸುವುದೇನು, ಎದುರಿಗೇ ಕಾಣುತ್ತಿದೆ. ನಮ್ಮ ನಡುಮನೆಯ ಟಿ.ವಿ. ಪರದೆಯಲ್ಲಿ, ವಿಡಿಯೋ ಗೇಮಿನ ಮೊದಲ ಹಂತದ ಮರದ ಸೇತುವೆಗೆ ಅಡ್ಡಲಾಗಿ ನಿಂತು, ಬಾಲವನ್ನು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಬೀಸುತ್ತ, ಏನನ್ನೋ ಮೆಲ್ಲುತ್ತ, ತಾವು ನನ್ನನ್ನೇ ನೋಡುತ್ತಿದ್ದೀರಿ. ದೂರನ್ನು ಬೆನ್ನ ಹಿಂದೆ ಹೇಳುವ ಅಭ್ಯಾಸ ನನಗಿಲ್ಲವಾದ್ದರಿಂದ ತಮ್ಮ ಮುಖ ನೋಡಿಕೊಂಡೇ ಬರೆಯೋಣವೆಂದು ಈ ಭಾನುವಾರ ಮಧ್ಯಾಹ್ನ ಕಾಗದ ಪೆನ್ನು ಹಿಡಿದು ಕುಳಿತಿದ್ದೇನೆ. ಇದರ ಒಂದು ಪ್ರತಿಯನ್ನು ನಾಲ್ಕು ಜನ ಓದಲೆಂದು ಗ್ರಂಥಾಲಯದ ಫಲಕಕ್ಕೂ ಅಂಟಿಸುವವನಿದ್ದೇನೆ.

ಮೊದಲಿಗೆ ನನ್ನ ಪರಿಚಯ. ನಾನು ಹೈಸ್ಕೂಲಿನ ಭಾಷಾ ಮೇಷ್ಟ್ರು. ತಮ್ಮ ಶುಭನಾಮವನ್ನು ತರಗತಿಯಲ್ಲಿ ದಿನನಿತ್ಯ ಸ್ಮರಿಸುತ್ತ ಬಂದವನು. ಮನೆಗೆಲಸ ಬರೆಯದವನಿಗೂ, ಕಿಟಕಿಯಾಚೆ ನೋಡುತ್ತ ಕೂತವನಿಗೂ, ಪಕ್ಕದವನ ಉತ್ತರವನ್ನು ಅವನ ಹೆಸರಿನ ಸಮೇತ ನಕಲು ಮಾಡಿದವನಿಗೂ ಉದಾರವಾಗಿ ತಮ್ಮ ಹೆಸರಿಟ್ಟಿದ್ದೇನೆ. ಅವರಲ್ಲಿ ಒಬ್ಬರಿಗೂ ತಮ್ಮ ಯೋಗ್ಯತೆಯ ಕಾಲುಭಾಗವೂ ಇರಲಿಲ್ಲವೆಂದು ಈಗ ಒಪ್ಪುತ್ತೇನೆ. ಅವರು ಗದರಿದರೆ ಎದ್ದು ನಿಲ್ಲುತ್ತಿದ್ದರು. ತಾವು ಜಪ್ಪಯ್ಯ ಅಂದರೂ ಕದಲುವವರಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ನಮ್ಮ ಬೀದಿಯ ಗ್ರಂಥಾಲಯದ ಮಹಡಿಯಲ್ಲಿ, ಮುರಿದ ಕುರ್ಚಿಗಳನ್ನು ಗೋಡೆಗೆ ಒರಗಿಸಿಟ್ಟಿರುವ ಉದ್ದನೆಯ ಕೋಣೆಯೊಂದರಲ್ಲಿ, ವಿಡಿಯೋ ಗೇಮ್ ಆಡುವವರ ಬಳಗವೊಂದು ಸೇರುತ್ತದೆ. ಹಲ್ಲಿನ ಡಾಕ್ಟರು, ಬಸ್ ಕಂಡಕ್ಟರು, ಜೆರಾಕ್ಸ್ ಅಂಗಡಿಯ ಅಕ್ಕತಂಗಿಯರು, ಇವರೆಲ್ಲ ಅದರ ಸದಸ್ಯರು. ಈ ಸಲ ಅವರೊಂದು ಸ್ನೇಹದ ಸ್ಪರ್ಧೆ ಇಟ್ಟುಕೊಂಡರು: ಎಲ್ಲರೂ ಒಂದೇ ಆಟವನ್ನು ಆಡಿ ಅದರ ವಿಮರ್ಶೆ ಬರೆಯಬೇಕು, ಟೈಪ್ ಮಾಡಿಸಿ, ಹೆಸರು ಮುಚ್ಚಿ ತೀರ್ಪುಗಾರರ ಕೈಗೆ ಕೊಡಬೇಕು, ತೀರ್ಪುಗಾರರು ಪ್ರತಿಯೊಂದರ ಕೆಳಗೂ ಬರೆದ ಷರಾವನ್ನು ಸಭೆಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಬೇಕು, ಮತ್ತು ತಮ್ಮನ್ನು ದಾಟುವ ಗುಟ್ಟನ್ನು ಯಾರೂ ಎಲ್ಲೂ ಬಿಟ್ಟುಕೊಡಬಾರದು. ತೀರ್ಪುಗಾರನಾಗಿ ನನ್ನನ್ನು ಸೂಚಿಸಿದವಳು ಆ ಬಳಗದಲ್ಲೇ ಇರುವ ನನ್ನ ಮಗಳು. “ನಮ್ಮಪ್ಪನ್ನ ಕರೀರಿ, ಒಂದಕ್ಷರ ಬಿಡದೆ ಓದ್ತಾರೆ” ಎಂದಳಂತೆ. ಅವಳಿಗೆ ಇನ್ನೊಂದು ಆಸೆಯೂ ಇತ್ತೆಂದು ನನಗೆ ತಿಳಿದದ್ದು ಆಮೇಲೆ. ತೀರ್ಪುಗಾರ ಆಟವನ್ನು ಆಡಿರಲೇಬೇಕೆಂಬ ನಿಯಮವಿತ್ತಲ್ಲ, ಆ ನೆಪದಲ್ಲಾದರೂ ಅಪ್ಪ ತನ್ನ ಆಟದ ಯಂತ್ರದ ಮುಂದೆ ಬಂದು ಕೂರಲಿ ಎಂಬ ಆಸೆ.

ಕೂತೆ. ತಮ್ಮ ದರ್ಶನವಾದದ್ದು ಆಗಲೇ. ಪರದೆಯ ಮೇಲಿನ ಪ್ರಯಾಣಿಕ ಎಂಬ ಪುಟ್ಟ ಮನುಷ್ಯನನ್ನು ನಡೆಸಿಕೊಂಡು ಬಂದು ತಮ್ಮೆದುರು ನಿಲ್ಲಿಸಿದೆ. ತಾವು ದಾರಿ ಬಿಡಲಿಲ್ಲ. ತಳ್ಳಿದೆ, ಹಾರಲು ನೋಡಿದೆ, ಹೊಟ್ಟೆಯಡಿ ನುಸುಳಲು ಹೋದೆ. ಅವನ ಚೀಲದಲ್ಲಿದ್ದ ಗಜ್ಜರಿಯನ್ನು ಕೊಟ್ಟರೆ ತಿಂದಿರಿ, ಟೋಪಿಯನ್ನು ಕೊಟ್ಟರೆ ಅದನ್ನೂ ತಿಂದಿರಿ, ಕೊಳಲು ಊದಿಸಿದರೆ ಕಿವಿ ಮಡಿಚಿಕೊಂಡಿರಿ. ತಮ್ಮ ಗಾಂಭೀರ್ಯ ಎಷ್ಟೆಂದರೆ, ಕೊನೆಗೆ ನಾನು ಪ್ರಯಾಣಿಕನಿಂದ ತಮಗೆ ನಮಸ್ಕಾರ ಮಾಡಿಸುವ ಬಟನ್ ಯಾವುದೆಂದು ಹುಡುಕತೊಡಗಿದೆ.

ಇಲ್ಲಿ ನಮ್ಮ ಮನೆಯ ಶಿಸ್ತನ್ನು ತಮ್ಮ ಗಮನಕ್ಕೆ ತರುವುದು ಅಗತ್ಯ. ನಮ್ಮಲ್ಲಿ ಕೋಣೆಯಿಂದ ಏಳುವವರು, ಒಂದು ಲೋಟ ನೀರು ಕುಡಿಯಲಿಕ್ಕಾದರೂ ಸರಿ, ದೀಪ, ಫ್ಯಾನು, ಟಿ.ವಿ. ಎಲ್ಲವನ್ನೂ ಆರಿಸಿಯೇ ಏಳಬೇಕು. ಇದು ನನ್ನ ತಾಯಿಯ ಕಾನೂನು. ನಾನು ಪಾಲಿಸುತ್ತೇನೆ, ನನ್ನ ಮಗಳು ಪಾಲಿಸುವುದಿಲ್ಲ, ಅದಕ್ಕಾಗಿ ಇಬ್ಬರಿಂದಲೂ ಬೈಸಿಕೊಳ್ಳುತ್ತಾಳೆ. ಹೀಗಾಗಿ ತಮ್ಮೆದುರು ಕೂತಿರುವಷ್ಟು ಹೊತ್ತೂ ನನ್ನ ಬೆರಳು ಬಟನ್ ಬಿಟ್ಟು ಮೇಲೇಳುತ್ತಿರಲಿಲ್ಲ, ಏಳುವಾಗ ತಮ್ಮನ್ನು ಆರಿಸದೆ ಏಳುತ್ತಿರಲಿಲ್ಲ, ಮರಳಿ ಬಂದಾಗಲೆಲ್ಲ ಮೊದಲ ಹೆಜ್ಜೆಯಿಂದ ಶುರು. ಇಷ್ಟು ಶ್ರದ್ಧಾವಂತ ಭಕ್ತ ತಮಗೆ ಇನ್ನೊಬ್ಬ ಸಿಕ್ಕಿರಲಾರ.

ಬೇರೆ ಯಾರಾದರೂ ಆಗಿದ್ದರೆ ತನಗೆ ಆಟ ಬರುವುದಿಲ್ಲ ಎಂದು ಕೈಚೆಲ್ಲುತ್ತಿದ್ದರು. ನಾನು ಓದಿಕೊಂಡವನು ನೋಡಿ, ಹಾಗೆಲ್ಲ ಸುಲಭವಾಗಿ ಸೋಲನ್ನು ಗುರುತಿಸುವುದಿಲ್ಲ. ಈ ಆಟದಲ್ಲಿ ಇರುವುದೇ ಇಷ್ಟು ಎಂದು ತೀರ್ಮಾನಿಸಿದೆ. ಒಬ್ಬ ಮನುಷ್ಯ, ಒಂದು ಸೇತುವೆ, ಒಂದು ಕತ್ತೆ. ಪ್ರಯತ್ನಕ್ಕೂ ಅದರ ಫಲಕ್ಕೂ ನಡುವೆ ತಟಸ್ಥವಾಗಿ ಮೇವು ಮೆಲ್ಲುತ್ತಿರುವ ಸೃಷ್ಟಿ. ಏನು ಗಹನವಾದ ಕಲ್ಪನೆ ಎಂದು ತಲೆದೂಗಿದೆ. ಆಟ ಆಡಿದ್ದೀರಲ್ಲ ಮೇಷ್ಟ್ರೇ ಎಂದು ಬಳಗದ ಸಂಚಾಲಕಿ ಕೇಳಿದಾಗ, ಮನದಟ್ಟಾಗುವ ತನಕ ಆಡಿದ್ದೇನಮ್ಮ ಎಂದು ಎದೆಯುಬ್ಬಿಸಿ ಹೇಳಿದೆ.

ಆಮೇಲೆ ವಿಮರ್ಶೆಗಳು ಬಂದವು. ಮೊದಲನೆಯದರಲ್ಲಿ ಸೇತುವೆಯಾಚೆ ಕಡಲಿದೆ ಎಂದಿತ್ತು. ಹವ್ಯಾಸಿಗಳು, ಉತ್ಸಾಹದಲ್ಲಿ ಸ್ವಲ್ಪ ಸೇರಿಸಿದ್ದಾರೆ ಎಂದುಕೊಂಡೆ. ಎರಡನೆಯದರಲ್ಲೂ ಕಡಲು. ಮೂರನೆಯದರಲ್ಲಿ ಕಡಲು, ದೀಪಸ್ತಂಭ, ದೋಣಿ. ಮುಂದಿನದರಲ್ಲೂ ಅದೇ ದೀಪಸ್ತಂಭ, ಅದೇ ದೋಣಿ. ಮಾನ್ಯರೇ, ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯಲ್ಲಿ ಕೂದಲು ನೆರೆಸಿಕೊಂಡವನಿಗೆ ಇದರ ಅರ್ಥ ತಿಳಿಯದೇ? ಹೋಗದ ಪ್ರವಾಸದ ಬಗ್ಗೆ ಇಡೀ ತರಗತಿಯೇ ಒಂದೇ ಜಲಪಾತವನ್ನು ವರ್ಣಿಸಿದ್ದನ್ನು ನಾನು ಕಂಡಿಲ್ಲವೇ? ಇವರೆಲ್ಲ ಒಬ್ಬರನ್ನು ನೋಡಿ ಒಬ್ಬರು ಬರೆದಿದ್ದಾರೆ, ಸಾಮೂಹಿಕ ನಕಲು, ಎಂದು ಹಲ್ಲುಕಚ್ಚಿ ಅಂಕ ಕಳೆಯುತ್ತ ಹೋದೆ. ದಂತವೈದ್ಯರ ವಿಮರ್ಶೆಯ ಕೆಳಗೆ “ಕಡಲು ಎಲ್ಲಿಂದ ಬಂತು?” ಎಂದು ಬರೆದೆ. ಜೆರಾಕ್ಸ್ ಅಂಗಡಿಯವರದಕ್ಕೆ “ಪಕ್ಕದವರನ್ನು ನೋಡಿ ಬರೆಯುವುದನ್ನು ಇನ್ನಾದರೂ ಬಿಡಿ” ಎಂದು ಬರೆದೆ. ಅವರ ವೃತ್ತಿಗೆ ಅದು ಎಷ್ಟು ಚುಚ್ಚಿರಬೇಕೆಂದು ಆಗ ನನಗೆ ಗೊತ್ತಿರಲಿಲ್ಲ, ಹೆಸರು ಮುಚ್ಚಿತ್ತು.

ಒಂದು ವಿಮರ್ಶೆಯ ಮೇಲಂತೂ ನನ್ನ ಕೋಪ ನೆತ್ತಿಗೇರಿತು. ಅದರ ಕೊನೆಯಲ್ಲಿ ಹೀಗಿತ್ತು: ಒಂದೇ ಯಂತ್ರದಲ್ಲಿ ಆಡುವವರು ಸೇತುವೆಯನ್ನು ಒಬ್ಬೊಬ್ಬರೇ ದಾಟಬೇಕು, ಕಡಲು ಮಾತ್ರ ಎಲ್ಲರಿಗೂ ಒಂದೇ, ದೋಣಿಯಲ್ಲಿ ಇಬ್ಬರಿಗೆ ಜಾಗವಿದೆ, ಒಬ್ಬರೇ ಹೊರಟುಬಿಡಬಹುದು, ಆದರೆ ನಾನು ಹೊರಟಿಲ್ಲ, ನಮ್ಮ ಮನೆಯಲ್ಲೊಬ್ಬರು ಈಗಷ್ಟೇ ಆಟ ಕಲಿಯುತ್ತಿದ್ದಾರೆ, ಅವರು ಸೇತುವೆ ದಾಟಿ ಬರಲಿ ಎಂದು ದೋಣಿಯನ್ನು ದಡದಲ್ಲೇ ಕಟ್ಟಿಹಾಕಿದ್ದೇನೆ. ಇದರ ಕೆಳಗೆ ನಾನು, ನನ್ನ ದುಂಡನೆಯ ಅಕ್ಷರಗಳಲ್ಲಿ, “ನಕಲಿನ ಮೇಲೆ ಕಣ್ಣೀರು ಸುರಿಸುವ ಹೊಸ ವಿಧಾನ. ದೋಣಿಯೂ ಇಲ್ಲ, ಕಾಯುವವರೂ ಇಲ್ಲ” ಎಂದು ಬರೆದು ಎಲ್ಲಕ್ಕಿಂತ ಕಡಿಮೆ ಅಂಕ ಕೊಟ್ಟೆ.

ಆ ರಾಶಿಯಲ್ಲಿ ಒಂದೇ ಒಂದು ವಿಮರ್ಶೆ ನನ್ನ ಕಣ್ಣು ತೆರೆಸಿತು. ಕಡಲಿನ ಸುದ್ದಿಯೇ ಅದರಲ್ಲಿ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೂ ತಾವೇ ಇದ್ದಿರಿ: ತಮ್ಮ ಹಟ, ತಮ್ಮ ಬಾಲ, ತಿಂದ ಟೋಪಿಯ ವಿಷಯದಲ್ಲಿ ತಮ್ಮ ಕೃತಘ್ನತೆ. ಓದುತ್ತ ಓದುತ್ತ ಕೈಯಲ್ಲಿದ್ದ ಕೆಂಪು ಪೆನ್ನನ್ನು ಕೆಳಗಿಟ್ಟೆ. ಲೋಕದಲ್ಲಿ ನನ್ನಂತೆ ಯೋಚಿಸುವ ಇನ್ನೊಂದು ಜೀವವಿದೆ ಎನ್ನಿಸಿತು. “ಆಟದ ಯಾವ ಮಗ್ಗುಲನ್ನೂ ಬಿಡದ ಸಮಗ್ರ ವಿಮರ್ಶೆ, ಸಂಪೂರ್ಣ ಸ್ವಂತ ಚಿಂತನೆ” ಎಂದು ಷರಾ ಬರೆದು ಪ್ರಥಮ ಬಹುಮಾನ ಕೊಟ್ಟೆ.

ಸಭೆಯ ದಿನ ಸಂಚಾಲಕಿ ನನ್ನ ಷರಾಗಳನ್ನು ಒಂದೊಂದಾಗಿ ಓದುತ್ತ ಹೋದಂತೆ ಸಭಿಕರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು. ನನ್ನ ವಿದ್ವತ್ತಿಗೆ ಸಂದ ಗೌರವವೆಂದು ನಾನು ಕಾಲ ಮೇಲೆ ಕಾಲು ಹಾಕಿದೆ. ಪ್ರಥಮ ಬಹುಮಾನದ ಹೆಸರು ತೆರೆದಾಗ ಹಿಂದಿನ ಸಾಲಿನಿಂದ ಎದ್ದು ನಿಂತವರು, ಕತ್ತೆಯವರೇ, ನನ್ನ ಹೆತ್ತತಾಯಿ. ಮನೆಯಲ್ಲಿ ನಾನು ಶಾಲೆಗೆ ಹೋದ ಮೇಲೆ ಅವರೂ ಆಡುತ್ತಿದ್ದರಂತೆ, ಬಳಗಕ್ಕೆ ಸೇರಿ ವಿಮರ್ಶೆಯನ್ನೂ ಕೊಟ್ಟಿದ್ದರಂತೆ. “ಆ ಕತ್ತೆ ಆಚೆ ಇನ್ನೂ ಆಟ ಇದೆ ಅಂತ ನನಗೇನಪ್ಪ ಗೊತ್ತು? ಅಷ್ಟೇ ಅಂದ್ಕೊಂಡೆ” ಎಂದರು. ಆಗ ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ಕೊನೆಯ ಸ್ಥಾನದ ಹೆಸರು ತೆರೆದಾಗ ಎದ್ದು ನಿಂತವಳು ನನ್ನ ಮಗಳು. “ಅಪ್ಪಾ, ನೀನು ಕತ್ತೇನೇ ದಾಟಿಲ್ವಾ?” ಎಂದು ಕೇಳಿದಳು. ಉಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅವಳು ನಗಲಿಲ್ಲ. ತಾಯಿಗೆ ಮೊದಲ ಸ್ಥಾನ, ಮಗಳಿಗೆ ಕೊನೆಯದು, ನನಗೆ ಯಾವ ಸ್ಥಾನವೂ ಇಲ್ಲ. ಸ್ವಜನಪಕ್ಷಪಾತವನ್ನೂ ಸ್ವಜನದ್ರೋಹವನ್ನೂ ಒಂದೇ ಏಟಿಗೆ ಸಾಧಿಸಿದ ತೀರ್ಪುಗಾರ ಬೇರೆ ಯಾರಾದರೂ ಇದ್ದರೆ ತಿಳಿಸಿ, ನಾವಿಬ್ಬರೂ ಒಂದು ಸಂಘ ಕಟ್ಟುತ್ತೇವೆ.

ಒಳ್ಳೆಯ ಜನ, ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬದಲಿಗೆ ಚಹಾ ಕುಡಿಯುತ್ತ ಸಮಾಧಾನ ಹೇಳಿದರು, ಅದು ಇನ್ನೂ ಕಷ್ಟವಾಯಿತು. ಆಗ ಅವರು ಆಡಿದ ಮಾತುಗಳಿಂದ ತಮ್ಮ ಇನ್ನೊಂದು ಮುಖ ಬಯಲಾಯಿತು. ದಂತವೈದ್ಯರು ಯಾರದೋ ಹಲ್ಲು ಕೀಳಲು ಆಟವನ್ನು ಅಲ್ಲಿಗೇ ಬಿಟ್ಟು ಎದ್ದು ಹೋಗಿದ್ದರಂತೆ, ಬಂದು ನೋಡಿದರೆ ತಾವು ದಾರಿ ಬಿಟ್ಟಿದ್ದಿರಂತೆ. ಕಂಡಕ್ಟರು ಕೂತಲ್ಲೇ ತೂಕಡಿಸಿದ್ದರಂತೆ. ಜೆರಾಕ್ಸ್ ಅಂಗಡಿಯ ಅಕ್ಕತಂಗಿಯರು ಮುಂದೆ ಯಾರು ಆಡುವುದೆಂದು ಜಗಳಕ್ಕೆ ಬಿದ್ದಿದ್ದರಂತೆ. ಇದೆಂಥ ನ್ಯಾಯ, ಮಾನ್ಯರೇ? ತೂಕಡಿಸುವವರಿಗೆ, ಜಗಳವಾಡುವವರಿಗೆ, ಆಟ ಬಿಟ್ಟು ಎದ್ದುಹೋಗುವವರಿಗೆ ರಾಜಮಾರ್ಗ. ಎಡೆಬಿಡದೆ ಬಟನ್ ಒತ್ತುವ ಕರ್ತವ್ಯನಿಷ್ಠನಿಗೆ ತಮ್ಮ ಬಾಲದ ದರ್ಶನ! ಸೋಮಾರಿಗಳ ಮೇಲೆ ತಮಗಿರುವ ಈ ಮಮಕಾರವನ್ನು ನಾನು ಬಲವಾಗಿ ಖಂಡಿಸುತ್ತೇನೆ.

ಇಷ್ಟಾದರೂ ನಾನು ದೂರು ಬರೆಯುತ್ತಿರಲಿಲ್ಲ. ಮಾನ ಹೋದದ್ದಕ್ಕೆ ಅಳುವ ವಯಸ್ಸು ನನ್ನದಲ್ಲ. ಆದರೆ ಆ ಸಭೆಯ ನಂತರ ನನ್ನ ಮಗಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ಬಾಗಿಲು ಬಡಿಯುವುದಿಲ್ಲ, ಮುಖ ಊದಿಸುವುದಿಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ ಎನ್ನುತ್ತಾಳೆ, ಅಷ್ಟೇ. ಇವತ್ತು ಬೆಳಿಗ್ಗೆ ನನಗೆ ಕೇಳಿಸುವಂತೆ ಅಜ್ಜಿಗೆ ಹೇಳಿದಳು: “ಸಾಯಂಕಾಲ ಹೊಸ ಗೇಮ್ ಹಾಕ್ತೀನಿ ಅಜ್ಜಿ, ಜಾಗ ಸಾಲಲ್ಲ, ಇದನ್ನ ಅಳಿಸ್ತೀನಿ.” ಆಟ ಅಳಿಸಿದರೆ ಕಡಲೂ ಹೋಯಿತು, ದಡದಲ್ಲಿ ಕಟ್ಟಿದ ದೋಣಿಯೂ ಹೋಯಿತು. ಅವಳು ಕಾಯುತ್ತಿದ್ದದ್ದು ನನಗೇ, ಕತ್ತೆಯವರೇ. ಕಾಯುವವರು ಇಲ್ಲವೆಂದು ಬರೆದವನೂ ನಾನೇ. ದಾಟುವುದು ಹೇಗೆಂದು ಅವಳನ್ನೇ ಕೇಳಬಹುದಿತ್ತು, ನಿಜ. ಆದರೆ ಯಾವ ಮುಖ ಇಟ್ಟುಕೊಂಡು ಕೇಳಲಿ?

ಆದಕಾರಣ ತಮ್ಮಲ್ಲಿ ಕಳಕಳಿಯ ಬೇಡಿಕೆಗಳು. ತಾವು ದಯಮಾಡಿ ಸಾಯಂಕಾಲದೊಳಗೆ ಅರ್ಧ ದಿನದ ರಜೆ ಹಾಕಬೇಕು. ಬದಲಿಗೆ ಸೇತುವೆಯ ಮೇಲೆ ನಿಲ್ಲಲು ನಾನು ಸಿದ್ಧ, ಅನುಭವವಿದೆ. ಅದಾಗದಿದ್ದರೆ ಪರದೆಯಿಂದ ಇಳಿದು ಬಂದು, ಈ ಮನುಷ್ಯ ಪ್ರಯತ್ನ ಮಾಡದೆ ಇರಲಿಲ್ಲವೆಂದು ನನ್ನ ಮಗಳೆದುರು ಸಾಕ್ಷಿ ನುಡಿಯಬೇಕು. ಅದೂ ಆಗದಿದ್ದರೆ ಮುಂದಿನ ಸ್ಪರ್ಧೆಯ ತೀರ್ಪುಗಾರರ ಸ್ಥಾನವನ್ನು ತಾವೇ ಅಲಂಕರಿಸಬೇಕು. ತಾವಾದರೆ ವಿಮರ್ಶೆಗಳನ್ನು ತಿಂದು ಸುಮ್ಮನಾಗುತ್ತೀರಿ, ಯಾರ ಮನಸ್ಸೂ ನೋಯುವುದಿಲ್ಲ. ಈ ಮೂರರಲ್ಲಿ ಯಾವುದಕ್ಕೆ ತಮ್ಮ ಒಪ್ಪಿಗೆಯಿದೆಯೆಂದು ಬಾಲವನ್ನು

ಕ್ಷಮಿಸಿ. ವಾಕ್ಯ ಮುಗಿಸುವ ಮುನ್ನ ತಮ್ಮ ಬಾಲವನ್ನೊಮ್ಮೆ ನೋಡೋಣವೆಂದು ತಲೆಯೆತ್ತಿದರೆ, ತಾವು ಇಲ್ಲ. ಸೇತುವೆ ಖಾಲಿಯಿದೆ. ಯಂತ್ರ ಕೆಟ್ಟಿತೋ ಎಂದುಕೊಂಡೆ. ಪ್ರಯಾಣಿಕ ಕಣ್ಣು ಮಿಟುಕಿಸುತ್ತ ಅಲ್ಲೇ ನಿಂತಿದ್ದಾನೆ. ಆಚೆ, ಮರಗಳ ಸಂದಿಯಲ್ಲಿ, ನೀಲಿಯಾಗಿ ಏನೋ ಹೊಳೆಯುತ್ತಿದೆ. ಕಂಟ್ರೋಲರು ಕಾಲಬುಡದಲ್ಲಿ ಬಿದ್ದಿತ್ತು. ಕೈ ಅದರತ್ತ ಹೋಯಿತು, ಹಿಂದಕ್ಕೆಳೆದುಕೊಂಡೆ. ಮಗಳನ್ನು ಕೂಗಿದೆ. ಬಂದಳು. ಪರದೆ ನೋಡಿದಳು, ಪೆನ್ನು ಹಿಡಿದ ನನ್ನ ಕೈ ನೋಡಿದಳು.

“ಏನು ಮಾಡಿದೆ?” ಎಂದು ಕೇಳಿದಳು. ಏನೂ ಮಾಡಲಿಲ್ಲ ಕಣಮ್ಮ ಎಂದೆ. “ಅದನ್ನೇ ಮಾಡ್ಬೇಕಾಗಿದ್ದು” ಎಂದು, ಸೋಫಾದ ಮೇಲಿದ್ದ ನನ್ನ ಕಾಗದಗಳನ್ನು ಪಕ್ಕಕ್ಕೆ ಸರಿಸಿ, ಕೂತಳು.

ಇಲ್ಲಿಗೆ ದೂರನ್ನು ಅರ್ಧಕ್ಕೇ ನಿಲ್ಲಿಸಬೇಕಾಗಿದೆ, ಕಾಯುವವರಿದ್ದಾರೆ.

ತಮ್ಮ ವಿಶ್ವಾಸಿ,
ಹಟದಲ್ಲಿ ತಮಗೆ ಸಮಾನನಾದ
ಒಬ್ಬ ಮೇಷ್ಟ್ರು

ವಿ.ಸೂ.: ಪ್ರಥಮ ಬಹುಮಾನ ವಿಜೇತರಾದ ನನ್ನ ತಾಯಿಯವರು ನಾಳೆ ಮಧ್ಯಾಹ್ನ ಎಂದಿನಂತೆ ತಮ್ಮನ್ನು ತಳ್ಳಲು ಬರಲಿದ್ದಾರೆ. ಗುಟ್ಟನ್ನು ನಾನೂ ಮಗಳೂ ಅವರಿಗೆ ಹೇಳಿಲ್ಲ. ಸ್ವಲ್ಪ ಹೊತ್ತು ಸುಮ್ಮನಿರಿ ಎಂದು ಅವರ ಮುಖಕ್ಕೆ ಹೇಳುವ ಧೈರ್ಯ ಈ ಮನೆಯಲ್ಲಿ ಯಾರಿಗೂ ಇಲ್ಲ. ತಮಗಿದ್ದರೆ ತಾವೇ ಹೇಳಿ.