ಕನ್ನಡದಲ್ಲಿ ನಿಶ್ಚಯ, ಮರಾಠಿಯಲ್ಲಿ ಖಾಲಿ

ಮೂರು ಭಾಷೆಯ ವೆಬ್‌ಸೈಟ್ ಅಂದರೆ ಹಳೆಯ ಮಾಳಿಗೆ ಮನೆ ಇದ್ದ ಹಾಗೆ. ಒಂದು ಕಡೆ ಮಣ್ಣು ಹಾಕಿ ಮೆತ್ತಿದರೆ ಇನ್ನೊಂದು ಕಡೆ ಸೋರುತ್ತದೆ.

ಇದನ್ನು ನಾನು ಕಲಿತದ್ದು ಎರಡು ಸಾವಿರದ ಇಸವಿ ದಾಟಿದ ಮೇಲೆ. ಬಿ.ಎಸ್ಸಿ. ಮುಗಿಸಿ ಹುಬ್ಬಳ್ಳಿಯ ವಿದ್ಯಾನಗರದ ಒಂದು ಸಣ್ಣ ಕಂಪ್ಯೂಟರ್ ಕಂಪನಿ ಸೇರಿದ್ದೆ. ನನಗೆ ವಹಿಸಿದ್ದು ಧಾರವಾಡದ ಒಂದು ವಧೂವರ ಕೇಂದ್ರದ ವೆಬ್‌ಸೈಟ್. ಕನ್ನಡ, ಮರಾಠಿ, ಇಂಗ್ಲಿಷ್. ಕೇಂದ್ರ ನಡೆಸುವವರು ನಿವೃತ್ತ ಶಿಕ್ಷಕಿ. ಊರೆಲ್ಲ ಅವರಿಗೆ ಅಕ್ಕಾವ್ರು ಎನ್ನುತ್ತಿತ್ತು. ಫೋಟೋ ಆಲ್ಬಮ್ ಒಂದನ್ನೇ ಇಟ್ಟುಕೊಂಡು ಅರ್ಧ ಧಾರವಾಡದ ಲಗ್ನ ಕೂಡಿಸಿದವರು.

ಮೊದಲ ದಿನವೇ ಶರತ್ತು ಹಾಕಿದರು.

"ನೋಡವಾ ತಂಗಿ, ತುಳಸಿ ಲಗ್ನದೊಳಗ ನಿನ್ನ ಈ ಸೈಟಿನಿಂದ ಒಂದಾದರೂ ಸಂಬಂಧ ಕೂಡಬೇಕು. ಇಲ್ಲಾಂದ್ರ ನನಗ ನನ್ನ ಆಲ್ಬಮ್ಮೇ ಛಲೋ."

ಹೊರಗೆ ಬಂದು ಸ್ಕೂಟರ್ ಹತ್ತುವಾಗ ನಮ್ಮ ಸಾಹೇಬರು ತಮ್ಮದೊಂದು ಸೇರಿಸಿದರು: "ಅವರು ಸೈಟ್ ಬಂದ್ ಮಾಡಿದ್ರ ನಿನ್ನ ಖುರ್ಚೀನೂ ಬಂದ್."

ನಿರ್ದೋಷ ಜಾತಕ

ಶಿರಗುಪ್ಪಿಯ ರೈತರೊಬ್ಬರು ಮಗನಿಗೆ ಹೆಣ್ಣು ನೋಡುತ್ತಿದ್ದರು. ಹುಬ್ಬಳ್ಳಿಯ ಸೈಬರ್ ಕೆಫೆಯೊಂದರಲ್ಲಿ ಕೂತು ನಮ್ಮ ಸೈಟ್ ತೆರೆಸಿದರು. ಆ ಕಂಪ್ಯೂಟರಿನಲ್ಲಿ ಕನ್ನಡದ ಫಾಂಟ್ ಇರಲಿಲ್ಲ. ಫಾಂಟ್ ಇಲ್ಲದಿದ್ದರೆ ಪ್ರತಿ ಅಕ್ಷರದ ಜಾಗದಲ್ಲಿ ಒಂದು ಖಾಲಿ ಚೌಕ ಬರುತ್ತದೆ. ಮೇಲೆ ಹುಡುಗಿಯ ಫೋಟೋ, ಕೆಳಗೆ ಬರೀ ಚೌಕಗಳು.

ಕೆಲವು ದಿನ ಬಿಟ್ಟು ಅವರ ಫೋನ್ ಬಂತು.

"ಹುಡುಗಿ ಕುಂಡಲಿ ನಮ್ಮ ಜೋಯಿಸರಿಗೆ ತೋರಿಸೇವ್ರಿ. ಛಲೋ ಹೊಂದತೈತಿ ಅಂದ್ರು."

ಸೈಟಿನಲ್ಲಿ ಕುಂಡಲಿ ಹಾಕುವ ಸೌಲಭ್ಯವೇ ಇರಲಿಲ್ಲ. "ಯಾವ ಕುಂಡಲಿರಿ?" ಎಂದೆ.

"ಅದ ರೀ, ಫೋಟೋ ಕೆಳಗ ಮನಿ ಮನಿ ಕೊರದಿದ್ರಲ್ಲ. ಪ್ರಿಂಟ್ ತಗಿಸ್ಕೊಂಡು ಹೋಗಿದ್ದೆ."

"ಅವು ಅಕ್ಷರ ರೀ. ಆ ಕಂಪ್ಯೂಟರಿನ್ಯಾಗ ಫಾಂಟ್ ಇಲ್ಲ, ಅದಕ್ಕ ಕಂಡಿಲ್ಲ."

ಅವರು ಬಿಡಲಿಲ್ಲ: "ಜೋಯಿಸರು ಭಾಳ ಹೊತ್ತು ನೋಡಿದ್ರು ನೋಡ್ರಿ. ಶನಿ ಇಲ್ಲ, ಮಂಗಳ ಇಲ್ಲ, ಯಾವ ಮನ್ಯಾಗೂ ಯಾರೂ ಇಲ್ಲ. ಇಂಥಾ ನಿರ್ದೋಷ ಜಾತಕ ನನ್ನ ಜೀವಮಾನದಾಗ ನೋಡಿಲ್ಲ ಅಂದ್ರು."

ಆ ಕೆಫೆಗೆ ಹೋಗಿ ನಾನೇ ಫಾಂಟ್ ಹಾಕಿ ಬಂದೆ. ಅಕ್ಷರ ಓದಲು ಬಂದ ಕೂಡಲೇ ಆ ಸಂಬಂಧ ಮುರಿಯಿತು.

ಭಾಷೆ ಮತ್ತು ಕೂದಲು

ಮುಂದಿನ ದೂರು ವಿದ್ಯಾನಗರದ ಒಬ್ಬ ತಾಯಿಯದು. ಮಗಳಿಗೆ ಸೈಟಿನಲ್ಲಿ ಒಬ್ಬ ವರನನ್ನು ನೋಡಿಟ್ಟಿದ್ದರು.

"ಇಂಗ್ಲಿಷ್ ಪುಟದಾಗ ಹುಡುಗ ಭಾಳ ಛಂದ ಇದ್ದಾನವಾ. ಕನ್ನಡ ಗುಂಡಿ ಒತ್ತಿದ ಕೂಡ್ಲೆ ಅವನ ಕೂದಲಾ ಹೋಗ್ತಾವ."

ನನ್ನ ಪದ್ಧತಿ ಒಂದೇ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ ನೋಡಬೇಕು. ಕಂಪ್ಯೂಟರ್ ಬದಲಿಸಿದೆ, ಕೂದಲು ಹೋಯಿತು. ಬ್ರೌಸರ್ ಬದಲಿಸಿದೆ, ಆಗಲೂ ಹೋಯಿತು. ಮರಾಠಿ ಗುಂಡಿ ಒತ್ತಿದೆ. ಕೂದಲು ವಾಪಸ್ ಬಂತು, ಜೊತೆಗೆ ಮೀಸೆಯೂ ಬಂತು.

ಕಾರಣ ಸಿಕ್ಕಿತು. ಇಂಗ್ಲಿಷಿನಲ್ಲಿ ವರರ ಹೆಸರನ್ನು ಎ, ಬಿ, ಸಿ ಕ್ರಮದಲ್ಲಿ ಜೋಡಿಸಿ ನಂಬರ್ ಕೊಟ್ಟಿತ್ತು. ಕನ್ನಡದಲ್ಲಿ ಅ, ಆ, ಇ ಕ್ರಮದಲ್ಲಿ, ಮರಾಠಿಯಲ್ಲಿ ಅನುವಾದವಾಗಿ ಬಂದ ಕ್ರಮದಲ್ಲಿ. ಭಾಷೆ ಬದಲಿಸಿದರೆ ಸೈಟ್ ಅದೇ ನಂಬರಿನ ಪುಟ ತೋರಿಸುತ್ತಿತ್ತು. ನಂಬರ್ ಅದೇ, ಗಂಡು ಬೇರೆ.

ಸರಿಪಡಿಸಿ ಫೋನ್ ಮಾಡಿದೆ. "ಅವರಿಬ್ಬರೂ ಬ್ಯಾರೆ ಬ್ಯಾರೆ ಹುಡುಗರು ರೀ. ನಿಮಗ ಯಾವನ ವಿವರ ಬೇಕು?"

ಆ ತಾಯಿ ವಿಚಾರ ಮಾಡಿ ಕೇಳಿದರು: "ನೌಕರಿ, ಮನೆತನ ಕನ್ನಡದವನದ ಛಲೋ ಅದ. ಕೂದಲಾ ಇಂಗ್ಲಿಷ್‌ದವನದ. ಎರಡೂ ಒಂದ ಕಡೆ ಮಾಡ್ಲಿಕ್ಕೆ ಬರೂದಿಲ್ಲೇನವಾ?"

ನಿಶ್ಚಯ

ಮರಾಠಿ ಪುಟಗಳನ್ನು ಅನುವಾದಿಸುತ್ತಿದ್ದವರು ಅಕ್ಕಾವ್ರ ಓಣಿಯ ಕಾಕಾ ಒಬ್ಬರು. ಒಳ್ಳೆಯ ಮರಾಠಿ. ಆದರೆ ಬೆಳಿಗ್ಗೆ ಪೂಜೆ, ಮಧ್ಯಾಹ್ನ ನಿದ್ದೆ, ಸಂಜೆ ಸಂಗೀತ. ಅನುವಾದಕ್ಕೆ ಉಳಿಯುತ್ತಿದ್ದದ್ದು ಛಾ ಕುಡಿಯುವ ಹೊತ್ತು ಮಾತ್ರ.

ಒಬ್ಬ ಹುಡುಗಿಗೆ ಬೇರೆ ಕಡೆ ಗಂಡು ಗೊತ್ತಾಯಿತು. ಕನ್ನಡ ಪುಟದಲ್ಲಿ ಅಂದೇ "ನಿಶ್ಚಯವಾಗಿದೆ" ಎಂದು ಹಾಕಿದೆ. ಕಾಕಾ ಇನ್ನೂ ಛಾಕ್ಕೆ ಕೂತಿರಲಿಲ್ಲ. ಮಿರಜ ಕಡೆಯ ಒಂದು ಪರಿವಾರ ಮರಾಠಿ ಪುಟ ನೋಡಿ, ಹಣ್ಣಿನ ಬುಟ್ಟಿ ಹಿಡಿದು, ನೇರ ಹುಡುಗಿಯ ಮನೆಗೇ ಬಂದಿಳಿಯಿತು.

ಹುಡುಗಿಯ ತಂದೆ ಗಾಬರಿಯಾಗಿ ನನಗೆ ಫೋನ್ ಹಚ್ಚಿದರು. "ಏನ್ರಿ ಇದು? ನನ್ನ ಮಗಳು ಕನ್ನಡದಾಗ ನಿಶ್ಚೇ ಆಗಿ, ಮರಾಠ್ಯಾಗ ಇನ್ನಾ ಖಾಲಿ ಇದ್ದಾಳಂತ!"

"ಕಾಕಾ ಇನ್ನೂ ಅನುವಾದ ಮಾಡಿಲ್ರಿ."

"ಅಲ್ಲೀತನಕ ಇವರಿಗೆ ಏನು ಹೇಳ್ಲಿ?"

"ಅವಲಕ್ಕಿ ಕೊಡ್ರಿ."

ಕೊಟ್ಟರು. ಅವಲಕ್ಕಿ ಮುಗಿಸಿದ ಮಿರಜದವರು ಒಳಗೆ ಇಣುಕಿ, ಹುಡುಗಿಗೆ ತಂಗಿ ಇದ್ದಾಳೆಯೇ ಎಂದು ಕೇಳಿದರಂತೆ. ಇದ್ದಳು. ಆರನೇ ಇಯತ್ತೆ ಓದುತ್ತಿದ್ದಳು.

ಅಕ್ಕಾವ್ರು ಕಾಕಾ ಅವರನ್ನು ಆ ಕೆಲಸದಿಂದ ಬಿಡಿಸಿದರು. ಹೊಸ ನಿಯಮ ಬಂತು: "ಇನ್ನ ಅನುವಾದನ ಬ್ಯಾಡ. ಆಯಾ ಮನಿಯವರು ಬಂದು ಮೂರೂ ಭಾಷಾದಾಗ ತಾವ ಹೇಳಲಿ. ನೀ ಅವರು ಹೇಳಿದ್ದು ಹೇಳಿದ್ಹಂಗ ಹಾಕು. ಭಾಷಾ ಬರೋರು ಹೇಳಿದ್ದನ್ನ ಮುಟ್ಟಬ್ಯಾಡ."

ದಸರಾ ಮುಗಿದಿತ್ತು. ಒಂದೂ ಸಂಬಂಧ ಕೂಡಿರಲಿಲ್ಲ. ನಮ್ಮ ಸಾಹೇಬರು ನನ್ನ ಖುರ್ಚಿಯನ್ನು ಆಗಾಗ ನೋಡತೊಡಗಿದ್ದರು.

ಮೂರು ಮೂಲ

ಆಗ ಕಾಲೇಜಿನಲ್ಲಿ ಕಲಿಸುವ ಒಬ್ಬ ಹುಡುಗಿ ಫೋನ್ ಮಾಡಿದಳು. ಮಾತು ಖಡಕ್.

"ರಾಯಾಪುರದ ಕಾರ್ಖಾನೆ ಎಂಜಿನಿಯರ್ ಪುಟದಾಗ ಅನುವಾದ ತಪ್ಪೇದ. ಮೂರೂ ಭಾಷಾ ಓದಿ ನೋಡ್ರಿ."

ಓದಿದೆ. ಕನ್ನಡದಲ್ಲಿತ್ತು: ಹುಡುಗಿ ನೌಕರಿ ಮಾಡಬಾರದು, ರೊಟ್ಟಿ ಬಡಿಯಲು ಬರಲೇಬೇಕು. ಇಂಗ್ಲಿಷಿನಲ್ಲಿತ್ತು: ಹುಡುಗಿ ನೌಕರಿಯಲ್ಲಿರಬೇಕು, ಅಡಿಗೆ ನಾನೇ ಮಾಡುತ್ತೇನೆ. ಮರಾಠಿಯಲ್ಲಿತ್ತು: ಹುಡುಗಿಗೆ ಹಾರ್ಮೋನಿಯಂ ಬಂದರೆ ಸಾಕು, ಬೇರೆ ಅಪೇಕ್ಷೆ ಇಲ್ಲ.

ಯಾವುದು ಮೂಲ ಎಂದು ಹುಡುಕಿದೆ. ಮೂರೂ ಮೂಲವೇ. ಹೊಸ ನಿಯಮದಂತೆ ಕನ್ನಡ ಹೇಳಿಹೋದವರು ತಾಯಿ, ಇಂಗ್ಲಿಷ್ ಹೇಳಿದವನು ಮಗ, ಬೆಳಗಾವಿ ಕಡೆಯ ತಂದೆ ಮರಾಠಿ ಹೇಳಿದ್ದರು. ಬಂದದ್ದು ಬೇರೆ ಬೇರೆ ದಿನ. ಒಬ್ಬರ ಪುಟ ಇನ್ನೊಬ್ಬರು ಓದಿರಲಿಲ್ಲ.

ಅಕ್ಕಾವ್ರಿಗೆ ವರದಿ ಕೊಟ್ಟೆ: "ಅನುವಾದ ತಪ್ಪಿಲ್ರಿ. ಮನಿ ತಪ್ಪೇದ."

ಅವರು ಮೂವರನ್ನೂ ಕೇಂದ್ರಕ್ಕೆ ಕರೆಸಿದರು. ದೂರು ಕೊಟ್ಟ ಹುಡುಗಿಯನ್ನೂ ಕರೆಸಿದರು. ನನ್ನನ್ನು ಕೀಬೋರ್ಡಿನ ಮುಂದೆ ಕೂಡಿಸಿ, ಮೂರೂ ಪುಟಗಳನ್ನು ಶಾಲೆಯಲ್ಲಿ ಪಾಠ ಓದಿದಂತೆ ದೊಡ್ಡ ದನಿಯಲ್ಲಿ ಕನ್ನಡದಲ್ಲಿ ಓದಿದರು.

ತಾಯಿ ಮಗನ ಕಡೆ ತಿರುಗಿದರು. "ಅಡಿಗಿ ನೀ ಮಾಡ್ತಿ? ಹಾಲು ಉಕ್ಕಿದ್ರ ನನ್ನ ಕರೀತಿ!"

ಮಗ ನೆಲ ನೋಡಿದ. ತಂದೆ ಫ್ಯಾನ್ ನೋಡಿದರು. ತಾಯಿ ಈಗ ತಂದೆಯನ್ನು ಹಿಡಿದರು. "ನಿಮಗ ಹಾರ್ಮೋನಿಯಂ ಬಾರಿಸೋ ಸೊಸಿ ಬೇಕು? ಊಟಕ್ಕ ಏನು, ರಾಗ ಬಡಸ್ತಾಳೇನು?"

ಹುಡುಗಿ ಕೈ ಎತ್ತಿದಳು. "ನನಗ ಹಾರ್ಮೋನಿಯಂ ಬರೂದಿಲ್ರಿ. ರೊಟ್ಟೀನೂ ಬರೂದಿಲ್ಲ. ನೌಕರಿ ಬಿಡೂದಿಲ್ಲ. ಹೊಂದೂದು ಇಂಗ್ಲಿಷ್ ಪುಟ ಒಂದ. ಅದು ಖರೇ ಅದನೋ, ಬರದದ್ದಷ್ಟ ಅದನೋ, ಕೇಳಲಿಕ್ಕೆ ಬಂದೇನಿ."

ತಾಯಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಐತವಾರ ಮನಿಗೆ ಬಾ. ಇವ ಒಂದು ರೊಟ್ಟಿ ಬಡದು ತೋರಸಲಿ. ಆ ರೊಟ್ಟಿ ನೀ ತಿಂದ್ರ, ನೌಕರಿ ಬೇಕಾದಷ್ಟು ಮಾಡು."

ನಾನು ಕೇಳಿದೆ: "ಸದ್ಯ ಪುಟದಾಗ ಏನು ಹಾಕ್ಲಿರಿ?"

"ಐತವಾರದ ತನಕ ಏನೂ ಬ್ಯಾಡ," ಎಂದರು ಅಕ್ಕಾವ್ರು.

ಸೋಮವಾರ ಬೆಳಿಗ್ಗೆ ಅವರ ಫೋನ್ ಬಂತು. "ರೊಟ್ಟಿ ಗುಂಡಗ ಇರಲಿಲ್ಲಂತ, ಹರದಿತ್ತಂತ, ಕರಕಾಗಿತ್ತಂತ. ಹುಡುಗಿ ಪೂರಾ ತಿಂದಾಳ. ನಿಶ್ಚಯ ಅಂತ ಹಾಕವಾ. ಮೂರೂ ಭಾಷಾದಾಗ. ಒಮ್ಮೆಲೆ!"

ತುಳಸಿ ಲಗ್ನಕ್ಕೆ ಇನ್ನೂ ಒಂದು ವಾರವಿತ್ತು. ನನ್ನ ಖುರ್ಚಿ ಉಳಿಯಿತು.

ಲಗ್ನಪತ್ರಿಕೆ

ಸೈಟಿನ ಮೊದಲ ಲಗ್ನ. ಪತ್ರಿಕೆಯನ್ನೂ ಸೈಟಿನಲ್ಲೇ ಹಾಕಬೇಕೆಂದಾಯಿತು. ಮೂರೂ ಭಾಷೆಯ ಪಠ್ಯ ಮದುಮಗಳೇ ಕಳಿಸಿದಳು. ತಾಳೆ ನೋಡಿದೆ. ಅಕ್ಷತೆ ಕನ್ನಡದಲ್ಲಿ ಹತ್ತು ಗಂಟೆಗೆ, ಮರಾಠಿಯಲ್ಲಿ ಹನ್ನೊಂದಕ್ಕೆ, ಇಂಗ್ಲಿಷಿನಲ್ಲಿ ಹನ್ನೆರಡಕ್ಕೆ.

ಫೋನ್ ಮಾಡಿ ಹೇಳಿದೆ. "ಗೊತ್ತದ ರೀ," ಎಂದಳು. "ಈ ಸಲ ಮೂರೂ ನಾನ ಬರದೇನಿ. ಹಂಗ ಇರಲಿ." ಫೋನ್ ಇಟ್ಟಳು.

ಯಾವುದು ಖರೆ ಎಂದು ತಿಳಿಯದೆ ನಾನು ಎಲ್ಲಕ್ಕಿಂತ ಮುಂಚಿನ ವೇಳೆಗೆ ಹೋದೆ. ಮಂಟಪಕ್ಕೆ ಹೂವು ಕಟ್ಟುವವರು ಇನ್ನೂ ಏಣಿಯ ಮೇಲಿದ್ದರು. ನೂರಾರು ಖಾಲಿ ಖುರ್ಚಿ. ಮೊದಲ ಸಾಲಿನಲ್ಲಿ ಜರಿ ಸೀರೆ ಉಟ್ಟು ಒಬ್ಬರೇ ಕೂತಿದ್ದರು. ಅಕ್ಕಾವ್ರು. ಅವರು ಓದಿದ್ದು ಕನ್ನಡ ಪುಟ ಮಾತ್ರ.

ಹನ್ನೆರಡು ಹೊಡೆಯಿತು. ಖರೆ ಮುಹೂರ್ತ ಅದೇ. ಹತ್ತಕ್ಕೆ ಕರೆದ ಧಾರವಾಡದವರು, ಹನ್ನೊಂದಕ್ಕೆ ಕರೆದ ಬೆಳಗಾವಿಯವರು, ಹನ್ನೆರಡಕ್ಕೆ ಕರೆದ ಕಾಲೇಜಿನವರು, ಎಲ್ಲರೂ ಒಂದೇ ಬಾಗಿಲಲ್ಲಿ ಒಟ್ಟಿಗೆ ನುಗ್ಗಿದರು. ಮದುಮಗಳ ಅತ್ತೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು: "ನಮ್ಮ ಮನೆತನದಾಗ ಅಕ್ಷತಾ ಹೊತ್ತಿಗೆ ಖುರ್ಚಿ ತುಂಬಿದ್ದು ಇದ ಮೊದಲು. ಎಂಥಾ ಶಾಣ್ಯಾ ಸೊಸಿ!"

ಅಕ್ಕಾವ್ರು ಬೆಳಗಿನಿಂದ ಏನೂ ತಿಂದಿರಲಿಲ್ಲ. ನನ್ನ ಕಡೆ ತಿರುಗಿದರು.

"ಪತ್ರಿಕಾದಾಗ ವೇಳೆ ಬ್ಯಾರೆ ಬ್ಯಾರೆ ಅದ ಅಂತ ಮೊದಲ ಗೊತ್ತಿತ್ತು ನಿನಗ?"

"ಗೊತ್ತಿತ್ತು ರೀ. ಭಾಷಾ ಬರೋರು ಹೇಳಿದ್ದನ್ನ ಮುಟ್ಟಬ್ಯಾಡ ಅಂತ ನೀವ ಹೇಳಿದ್ರಿ."

ಅಕ್ಷತೆ ಹಾಕಿ ಬಂದು ಅವರು ಮತ್ತೆ ಕೂತರು. ಸಿಟ್ಟು ಇಳಿದಿತ್ತು.

"ಇರಲಿ. ನಿನ್ನ ಸೈಟ್ ಲಗ್ನಾ ಕೂಡಿಸ್ತು. ಇನ್ನ ಬಂದ್ ಮಾಡೂದಿಲ್ಲ. ಆದ್ರ ನಾಳೆ ಬರೋವಾಗ ನಿನ್ನದೊಂದು ಫೋಟೋ ತಗೊಂಡು ಬಾ."

"ಸೈಟಿಗೇನ್ರಿ?"

"ಹುಚ್ಚಿ, ನಿನ್ನ ಜೀವನದ ಪ್ರಶ್ನಾ ಅದ," ಎಂದರು ಅಕ್ಕಾವ್ರು. "ಆಲ್ಬಮ್ಮಿಗೆ."